ಸಹಾಯ ಬೇಕು: ಪುಸ್ತಕ ಬಿಡುಗಡೆಯ ಪತ್ರಿಕಾ ಪ್ರಕಟಣೆಯನ್ನು ಯಾವಾಗ ಕಳುಹಿಸಬೇಕು?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಕನ್ನಡ ಶಾಲೆಗಳ ನೆನಪುಗಳನ್ನು ಬರೆದು, ಸ್ವಂತ ಖರ್ಚಿನಲ್ಲಿ 500 ಪ್ರತಿ ಮುದ್ರಿಸಿದ್ದೇನೆ. ನವೆಂಬರ್ 1ರಂದು ಬಿಡುಗಡೆ ಮಾಡಿದರೆ ರಾಜ್ಯೋತ್ಸವದ ಸುದ್ದಿಗಳ ನಡುವೆ ನಮ್ಮದು ಮರೆಯಾಗುತ್ತದೆ ಎಂದು, ಮಂಜೇಶ್ವರದಲ್ಲಿ 1883ರಲ್ಲಿ ಹುಟ್ಟಿದ ಗೋವಿಂದ ಪೈಗಳ ಜನ್ಮದಿನವಾದ ಮಾರ್ಚ್ 23ನ್ನು ಬಹಳ ಪ್ರೀತಿಯಿಂದ ಆರಿಸಿಕೊಂಡಿದ್ದೇನೆ. ಅದು ಪರೀಕ್ಷೆಯ ಕಾಲವಾದ್ದರಿಂದ ಅಧ್ಯಾಪಕರು ಬರುವುದು ಕಷ್ಟವೆಂಬ ಚಿಂತೆಯೂ ಇದೆ.

ಹಿಂದಿನ ಪುಸ್ತಕದ ಪ್ರಕಟಣೆಯನ್ನು ಹದಿನೈದು ದಿನ ಮೊದಲೇ ಎರಡು ಪತ್ರಿಕೆಗಳಿಗೆ ಕಳುಹಿಸಿದ್ದೆ. ಒಂದರಲ್ಲಿ ಬರಲೇ ಇಲ್ಲ, ಇನ್ನೊಂದರಲ್ಲಿ 'ಇಂದಿನ ಕಾರ್ಯಕ್ರಮ'ದಡಿ ಪುಸ್ತಕದ ಬೆಲೆ, ಸಿಗುವ ಸ್ಥಳಗಳಿಲ್ಲದೆ ಎರಡೇ ಸಾಲು ಬಂತು. ಸಮಾರಂಭದ ಮರುದಿನ ಕಳುಹಿಸಿದ ಫೋಟೋ ಹಳೆಯ ಸುದ್ದಿಯೆಂದು ಉಳಿಯಿತು.

ಸ್ವಂತವಾಗಿ ಪ್ರಕಟಿಸಿದ ಅನುಭವಿಗಳು ದಯವಿಟ್ಟು ತಿಳಿಸಿ: ಮಂಗಳೂರು ಆವೃತ್ತಿಯ ಕಾಸರಗೋಡು ಪುಟಕ್ಕೆ ಪ್ರಕಟಣೆಯನ್ನು ಎಷ್ಟು ದಿನ ಮೊದಲು ತಲುಪಿಸಬೇಕು, ಮತ್ತು ಸಮಾರಂಭದ ವರದಿಯನ್ನು ಅದೇ ಸಂಜೆ ಬೇರೆಯಾಗಿ ಕಳುಹಿಸಬೇಕೇ?