ಸ್ಟೀರಾಯ್ಡ್ ಇನ್‌ಹೇಲರ್‌ನಿಂದ ಶ್ವಾಸಕೋಶದ ಬೀಟಾ-2 ರಿಸೆಪ್ಟರ್‌ಗಳು ಹೆಚ್ಚುವುದು ಹೇಗೆ?

ಪ್ರಶ್ನೆ (ಬಿ.ಫಾರ್ಮ ವಿದ್ಯಾರ್ಥಿನಿ):
ನನ್ನ ತಂದೆಯವರಿಗೆ ಬಹಳ ವರ್ಷಗಳಿಂದ ಅಸ್ತಮಾ ಇದೆ. ಉಬ್ಬಸ ಬಂದಾಗಲೆಲ್ಲ ಶ್ವಾಸನಾಳವನ್ನು ಬೇಗ ಸಡಿಲಿಸುವ ಸಾಲ್ಬುಟಮಾಲ್ ಎಳೆದುಕೊಂಡು ಸುಮ್ಮನಾಗುವುದು ಅವರ ರೂಢಿ. ಈಚೆಗೆ ವೈದ್ಯರು ಬ್ಯುಡೆಸೊನೈಡ್ (ಸ್ಟೀರಾಯ್ಡ್) ಮತ್ತು ಫಾರ್ಮೋಟೆರಾಲ್ (ಶ್ವಾಸನಾಳವನ್ನು ದೀರ್ಘಕಾಲ ಸಡಿಲಿಸುವ ಔಷಧ) ಕೂಡಿದ ಇನ್‌ಹೇಲರ್ ಬರೆದುಕೊಟ್ಟಿದ್ದಾರೆ. ಅದರಲ್ಲಿ ಸ್ಟೀರಾಯ್ಡ್ ಇದೆ ಎಂದು ತಿಳಿದಂದಿನಿಂದ ತಂದೆಯವರು ಅದನ್ನು ಮುಟ್ಟಲು ಹೆದರುತ್ತಿದ್ದಾರೆ. ಸ್ಟೀರಾಯ್ಡ್‌ಗಳು ಶ್ವಾಸಕೋಶದ ಕೋಶಗಳಲ್ಲಿ ಬೀಟಾ-2 ರಿಸೆಪ್ಟರ್‌ಗಳ (ಸಾಲ್ಬುಟಮಾಲ್‌ನಂಥ ಔಷಧಗಳು ಅಂಟಿಕೊಳ್ಳುವ ಗ್ರಾಹಕಗಳ) ಸಂಖ್ಯೆಯನ್ನು ಹೆಚ್ಚಿಸುತ್ತವೆ ಎಂದು ತರಗತಿಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದರು. ಇದು ಹೇಗೆ ನಡೆಯುತ್ತದೆ, ಮತ್ತು ರೋಗಿಗೆ ಇದರಿಂದ ನಿಜವಾಗಿ ಪ್ರಯೋಜನವಿದೆಯೇ?

ಉತ್ತರ 1 (ಜೀವರಸಾಯನಶಾಸ್ತ್ರದ ಅಧ್ಯಾಪಕ):
ಬೀಟಾ-2 ರಿಸೆಪ್ಟರ್ 413 ಅಮೈನೋ ಆಮ್ಲಗಳ ಪ್ರೋಟೀನು. ಅದರ ಜೀನು ನಮ್ಮ 5ನೆಯ ಕ್ರೋಮೋಸೋಮಿನಲ್ಲಿದೆ. ಸಾಲ್ಬುಟಮಾಲ್ ಕೋಶದ ಹೊರಮೈಯಲ್ಲಿರುವ ಈ ರಿಸೆಪ್ಟರಿಗೆ ಅಂಟಿಕೊಂಡರೆ ಶ್ವಾಸನಾಳದ ಸ್ನಾಯು ಸಡಿಲಗೊಳ್ಳುತ್ತದೆ. ಆದರೆ ಔಷಧ ಮತ್ತೆ ಮತ್ತೆ ಬಂದು ಅಂಟುತ್ತಿದ್ದರೆ ಕೋಶವು ಆ ರಿಸೆಪ್ಟರ್‌ಗಳ ಮೇಲೆ ಫಾಸ್ಫೇಟ್ ಕೂರಿಸಿ, ಅರೆಸ್ಟಿನ್ ಎಂಬ ಪ್ರೋಟೀನಿನ ನೆರವಿನಿಂದ ಅವುಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಕೆಲವು ಮರಳಿ ಹೊರಮೈಗೆ ಬರುತ್ತವೆ, ಉಳಿದವು ಒಳಗೇ ನಾಶವಾಗುತ್ತವೆ.

ಸ್ಟೀರಾಯ್ಡಿನ ದಾರಿ ಬೇರೆ. ಅದು ಕೋಶಪೊರೆಯನ್ನು ದಾಟಿ ಒಳಹೋಗಿ, ಅಲ್ಲಿ ಕಾದಿರುವ ತನ್ನದೇ ರಿಸೆಪ್ಟರಿನೊಡನೆ ಸೇರಿ ಕೋಶಕೇಂದ್ರಕ್ಕೆ ಸಾಗುತ್ತದೆ. ಬೀಟಾ-2 ಜೀನಿನಲ್ಲಿ ಈ ಜೋಡಿಯನ್ನು ಗುರುತಿಸುವ ಡಿಎನ್‌ಎ ತುಣುಕುಗಳಿರುವುದರಿಂದ ಅದರ ಎಂಆರ್‌ಎನ್‌ಎ (ಪ್ರೋಟೀನು ತಯಾರಿಸಲು ಜೀನಿನಿಂದ ಹೊರಡುವ ನಕಲು) ಹೆಚ್ಚು ತಯಾರಾಗುತ್ತದೆ. ಮನುಷ್ಯನ ಶ್ವಾಸಕೋಶದ ಅಂಗಾಂಶವನ್ನು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡಿನಲ್ಲಿಟ್ಟು ನೋಡಿದ ಪ್ರಯೋಗಗಳಲ್ಲಿ ಎಂಆರ್‌ಎನ್‌ಎ ಕೆಲವೇ ಗಂಟೆಗಳಲ್ಲಿ ಏರಿತು, ರಿಸೆಪ್ಟರ್‌ಗಳ ಸಂಖ್ಯೆ ಏರಲು ಇನ್ನೂ ಹೆಚ್ಚು ಹೊತ್ತು ಬೇಕಾಯಿತು. ತಂದೆಯವರಿಗೆ ಇದನ್ನು ಖಂಡಿತ ಹೇಳಿ: ಸ್ಟೀರಾಯ್ಡ್ ಎಳೆದುಕೊಂಡ ತಕ್ಷಣ ಏನೂ ಅನ್ನಿಸಲಿಲ್ಲವೆಂದರೆ ಅದು ಕೆಲಸ ಮಾಡುತ್ತಿಲ್ಲವೆಂದಲ್ಲ.

ಉತ್ತರ 2 (ಶ್ವಾಸಕೋಶ ತಜ್ಞೆ):
ಮೇಲಿನ ವಿವರಣೆ ಸರಿಯಾಗಿದೆ, ಆದರೂ ಒಂದು ಎಚ್ಚರಿಕೆಯ ಮಾತು ಸೇರಿಸಬೇಕು. ಸ್ಟೀರಾಯ್ಡಿನ ಮುಖ್ಯ ಉಪಕಾರ ಶ್ವಾಸನಾಳದ ಉರಿಯೂತವನ್ನು ತಗ್ಗಿಸುವುದು; ರಿಸೆಪ್ಟರ್ ಹೆಚ್ಚುವುದು ಅದರ ಜೊತೆಗೆ ದೊರಕುವ ಲಾಭ. ಅತಿಬಳಕೆಯಿಂದ ಕುಗ್ಗಿದ ಬೀಟಾ ಔಷಧದ (ಸಾಲ್ಬುಟಮಾಲ್‌ನಂಥದರ) ಪರಿಣಾಮವನ್ನು ಸ್ಟೀರಾಯ್ಡ್ ಬಹುಮಟ್ಟಿಗೆ ಮರಳಿ ತರಬಲ್ಲದಾದರೂ, ಶೀತಗಾಳಿ, ವ್ಯಾಯಾಮಗಳಂಥ ಪ್ರಚೋದನೆಗಳ ವಿರುದ್ಧ ಬೀಟಾ ಔಷಧದಿಂದ ಸಿಗುವ ರಕ್ಷಣೆ ಕಡಿಮೆಯಾಗುವುದನ್ನು ಅದು ಪೂರ್ತಿಯಾಗಿ ತಡೆಯುವುದಿಲ್ಲ.

ಆದರೆ ಸ್ಟೀರಾಯ್ಡ್ ಬಿಟ್ಟು ಬೀಟಾ ಔಷಧವನ್ನೊಂದೇ ನೆಚ್ಚುವುದು ಎಷ್ಟು ಅಪಾಯಕಾರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ದೀರ್ಘಕಾಲ ಕೆಲಸ ಮಾಡುವ ಬೀಟಾ ಔಷಧ ಸಾಲ್ಮೆಟೆರಾಲನ್ನು ಪರೀಕ್ಷಿಸಿದ, 26,000ಕ್ಕೂ ಹೆಚ್ಚು ಜನರಿದ್ದ ಸ್ಮಾರ್ಟ್ ಅಧ್ಯಯನದಲ್ಲಿ 28 ವಾರಗಳಲ್ಲಿ ಆ ಔಷಧ ಪಡೆದವರಲ್ಲಿ 13 ಮಂದಿ, ಹುಸಿ ಔಷಧ ಪಡೆದವರಲ್ಲಿ 3 ಮಂದಿ ಅಸ್ತಮಾದಿಂದ ತೀರಿಕೊಂಡರು. ಭಾಗವಹಿಸಿದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಆರಂಭದಲ್ಲಿ ಸ್ಟೀರಾಯ್ಡ್ ಇನ್‌ಹೇಲರ್ ಬಳಸುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟ ನಂತರದ ದೊಡ್ಡ ಪರೀಕ್ಷೆಗಳಲ್ಲಿ ಅಂಥ ಅಪಾಯ ಹೆಚ್ಚಲಿಲ್ಲವಾದ್ದರಿಂದ ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿ ಸಂಯುಕ್ತ ಇನ್‌ಹೇಲರ್‌ಗಳ ಮೇಲಿನ ಕಟ್ಟೆಚ್ಚರಿಕೆಯನ್ನು ತೆಗೆದರು. 2019ರಿಂದ ಜಾಗತಿಕ ಅಸ್ತಮಾ ಮಾರ್ಗಸೂಚಿಯೂ ವಯಸ್ಕರಿಗೆ ಸಾಲ್ಬುಟಮಾಲ್ ಒಂದನ್ನೇ ಕೊಡುವುದನ್ನು ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಮಾತ್ರೆಯ ಸ್ಟೀರಾಯ್ಡಿನಿಂದ ಮುಖ ಊದಿಕೊಂಡ ಒಬ್ಬ ಬಂಧುವನ್ನು ಕಂಡೇ ತಂದೆಯವರು ಹೆದರಿರುವುದು. ಎರಡರ ನಡುವಿನ ವ್ಯತ್ಯಾಸವನ್ನು ಅವರಿಗೆ ಹೇಗೆ ತಿಳಿಸಲಿ?

ಉತ್ತರ 2 (ಮುಂದುವರಿದು):
ಪ್ರಮಾಣವನ್ನೇ ತೋರಿಸಿ. ಉಬ್ಬಸ ಉಲ್ಬಣಿಸಿದಾಗ ಕೊಡುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಮಿನಷ್ಟಿರುತ್ತದೆ. ಇನ್‌ಹೇಲರಿನ ಒಂದು ಎಳೆತದಲ್ಲಿ ಬ್ಯುಡೆಸೊನೈಡ್ ಸಾಮಾನ್ಯವಾಗಿ 100 ಅಥವಾ 200 ಮೈಕ್ರೋಗ್ರಾಂ ಮಾತ್ರ, ಅಂದರೆ ಒಂದು ಮಿಲಿಗ್ರಾಮಿನ ಹತ್ತನೆಯ ಅಥವಾ ಐದನೆಯ ಒಂದು ಭಾಗ, ಅದೂ ನೇರ ಶ್ವಾಸನಾಳಕ್ಕೆ. ಎರಡೂ ಬೇರೆ ಬೇರೆ ಔಷಧಗಳಾದ್ದರಿಂದ ತೂಕವನ್ನಷ್ಟೇ ಹೋಲಿಸುವುದು ಪೂರ್ತಿ ಸರಿಯಲ್ಲ, ಆದರೂ ಮಾತ್ರೆಯ ಅಡ್ಡಪರಿಣಾಮಗಳು ಇನ್‌ಹೇಲರಿನ ವಾಡಿಕೆಯ ಪ್ರಮಾಣದಲ್ಲಿ ವಿರಳ. ಬಾಯಿಯಲ್ಲಿ ಶಿಲೀಂಧ್ರದ ಸೋಂಕು, ದನಿ ಒಡೆಯುವುದು ಉಂಟು. ಪ್ರತಿ ಸಲವೂ ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ನೀರನ್ನು ಉಗುಳಲು ಹೇಳಿ.