ತಾನ್, ಚಾನ್, ಚೆನ್, ಚಿನ್: ಒಂದೇ ಅಡ್ಡಹೆಸರೋ, ಬೇರೆಬೇರೆಯೋ?

ಪ್ರಶ್ನೆ: ಚೀನಾದ ಚೆನ್ ಯೂಫೇ, ಮಲೇಷ್ಯಾದ ಚಾನ್ ಪೆಂಗ್ ಸೂನ್, ಅದೇ ಮಲೇಷ್ಯಾದ ತಾನ್ ಬೂನ್ ಹಿಯಾಂಗ್. ಬ್ಯಾಡ್ಮಿಂಟನ್ ವರದಿಗಳಲ್ಲಿ ಬರುವ ಈ ಮೂವರ ಅಡ್ಡಹೆಸರು ಚೀನೀ ಲಿಪಿಯಲ್ಲಿ ಒಂದೇ ಅಕ್ಷರವಂತೆ. ಹೌದೆ? ಹೌದಾದರೆ ಚಕಾರ ತಕಾರವಾದದ್ದು ಹೇಗೆ? ಕನ್ನಡದಲ್ಲಿ ಎಲ್ಲವನ್ನೂ ‘ಚೆನ್’ ಎಂದು ಒಂದೇ ಮಾಡಿಬಿಡಬಹುದೆ? ‘ಟ್ಯಾನ್’, ‘ಟಾನ್’, ‘ತಾನ್’ ಇವುಗಳಲ್ಲಿ ಯಾವುದು ಸರಿ? ತಿಳಿದವರು ಬಿಡಿಸಿ ಹೇಳಬೇಕು.

ಉತ್ತರ 1: ಒಂದೇ ಅಕ್ಷರ, ಅನುಮಾನ ಬೇಡ. ಆದರೆ ಬರೆಯುವಾಗ ಒಂದೇ ಮಾಡಬೇಡಿ. ಚಕಾರ ತಕಾರವಾಗಲಿಲ್ಲ, ಆದದ್ದು ಅದರ ತಿರುವುಮುರುವು. ಅದಕ್ಕೆ ಸಾಕ್ಷಿ ನಮ್ಮ ಅಡುಗೆಮನೆಯಲ್ಲೇ ಇದೆ.

ಧಾರವಾಡದ ಕಡೆ ಚಹಾ, ಕರಾವಳಿಯಲ್ಲಿ ಚಾ, ಬೆಂಗಳೂರಿನಲ್ಲಿ ಟೀ. ಮೂರಕ್ಕೂ ಮೂಲ ಒಂದೇ ಚೀನೀ ಪದ. ಅದಕ್ಕೆ ಮ್ಯಾಂಡರಿನ್ ಮತ್ತು ಕ್ಯಾಂಟನೀಸ್‌ನಲ್ಲಿ ‘ಚಾ’ ಎನ್ನುತ್ತಾರೆ, ಫೂಜಿಯಾನ್ ಪ್ರಾಂತ್ಯದ ದಕ್ಷಿಣ ಕರಾವಳಿಯ ಹೊಕ್ಕಿಯನ್‌ನಲ್ಲಿ ‘ತೇ’. ಮಕಾವ್‌ನ ಪೋರ್ಚುಗೀಸರು ‘ಚಾ’ ಕೊಂಡೊಯ್ದರು, ಹೊಕ್ಕಿಯನ್ನರೊಡನೆ ವ್ಯಾಪಾರವಿದ್ದ ಡಚ್ಚರು ‘ತೇ’ ಕೊಂಡೊಯ್ದರು. ಡಚ್ಚರ ದಾರಿಯಲ್ಲಿ ಹೋದದ್ದೇ ಇಂಗ್ಲಿಷಿನ ಮೂಲಕ ನಮಗೆ ಟೀ ಆಗಿ ಬಂತು. ನೀವು ಕೇಳಿದ ಅಡ್ಡಹೆಸರಿನದೂ ಇದೇ ಕಥೆ. ಮಧ್ಯಕಾಲೀನ ಚೀನೀಯಲ್ಲಿ ಚಹಾದ ಪದಕ್ಕೂ ಈ ಅಡ್ಡಹೆಸರಿಗೂ ಮೊದಲ ವ್ಯಂಜನ ಒಂದೇ, ಸ್ವರದ ಏರಿಳಿತವೂ ಒಂದೇ. ಹಾಗಾಗಿ ಎರಡೂ ಒಂದೇ ಹಾದಿ ಹಿಡಿದವು: ಚಾ ಎನ್ನುವವನು ಚೆನ್ ಎನ್ನುತ್ತಾನೆ, ತೇ ಎನ್ನುವವನು ತಾನ್ ಎನ್ನುತ್ತಾನೆ.

ಆ ವ್ಯಂಜನ ನಮ್ಮ ಡಕಾರಕ್ಕೆ ಹತ್ತಿರದ್ದು, ಪೂರ್ತಿ ಉಚ್ಚಾರ ಹೆಚ್ಚುಕಡಿಮೆ ‘ಡಿನ್’. ಉತ್ತರದ ನುಡಿಗಳಲ್ಲಿ ಡಕಾರದ ಘೋಷ ಹೋಯಿತು, ಅದು ಉಸಿರು ಬೆರೆತ ಚಕಾರವಾಯಿತು. ಹೊಕ್ಕಿಯನ್, ತಿಯೊಚ್ಯು, ಫೂಜೌ ಮುಂತಾದ ಮಿನ್ ನುಡಿಗಳು ಈ ಬದಲಾವಣೆಗಳಿಗೆ ಮೊದಲೇ ಕವಲೊಡೆದಿದ್ದರಿಂದ ಅಲ್ಲಿ ಹಳೆಯ ಸ್ಪರ್ಶವ್ಯಂಜನ ತಕಾರವಾಗಿ ಉಳಿಯಿತು. ನಮ್ಮಲ್ಲೂ ಇಂಥದ್ದು ಉಂಟಲ್ಲ: ತಮಿಳು ತೆಲುಗುಗಳಲ್ಲಿ ‘ಚೆವಿ’ ಆದದ್ದು ಕನ್ನಡದಲ್ಲಿ ‘ಕಿವಿ’ಯಾಗಿಯೇ ನಿಂತಿದೆ. ಕನ್ನಡ ಅಲ್ಲಿ ಮಾಡಿದ್ದನ್ನೇ ಮಿನ್ ಇಲ್ಲಿ ಮಾಡಿದೆ.

ಸ್ವರದ ಮಾತು ಬೇರೆ. ಹಳೆಯ ಇಕಾರವನ್ನು ಉಳಿಸಿಕೊಂಡದ್ದು ದಕ್ಷಿಣ ಚೀನಾದ ಹಕ್ಕಾ ನುಡಿ, ಮತ್ತು ಕ್ಯಾಂಟನೀಸಿನ ಸೋದರಿ ಟಾಯ್‌ಶಾನ್ ನುಡಿ. ಅಲ್ಲಿ ಇದು ‘ಚಿನ್’. ಮನೆ ಪಾಲಾದಾಗ ಒಬ್ಬನಿಗೆ ಒರಳು, ಇನ್ನೊಬ್ಬನಿಗೆ ಒನಕೆ ಬಂದ ಹಾಗೆ, ವ್ಯಂಜನ ಮಿನ್ ಪಾಲಿಗೆ, ಸ್ವರ ಹಕ್ಕಾ ಪಾಲಿಗೆ. ಅಧಿಕೃತ ಭಾಷೆ ಮ್ಯಾಂಡರಿನ್‌ಗೆ ಎರಡೂ ಉಳಿಯಲಿಲ್ಲ. ಆದ್ದರಿಂದ ‘ಮೂಲ ರೂಪ ಚೆನ್, ಉಳಿದವು ಅಪಭ್ರಂಶ’ ಎಂದು ಕೋಶಗಳಲ್ಲಿ ಬರೆಯುವುದು ತಪ್ಪು.

ಇನ್ನು ಹುಟ್ಟು. ಇದು ಒಂದು ಸಣ್ಣ ರಾಜ್ಯದ ಹೆಸರು. ಕ್ರಿ.ಪೂ. 11ನೇ ಶತಮಾನದಲ್ಲಿ ಶಾಂಗ್ ವಂಶವನ್ನು ಸೋಲಿಸಿದ ಜೌ ಅರಸರು, ಪುರಾಣದ ಶುನ್ ರಾಜನ ಸಂತತಿಯವನೆಂದು ಎಣಿಸಲಾದ ಗುಯಿ ಮಾನ್ ಎಂಬವನಿಗೆ ಚೆನ್ ರಾಜ್ಯವನ್ನು ಉಂಬಳಿ ಕೊಟ್ಟರು. ಅದರ ರಾಜಧಾನಿ ಇದ್ದದ್ದು ಇಂದಿನ ಹೆನಾನ್ ಪ್ರಾಂತ್ಯದ ಹುವಾಯ್‌ಯಾಂಗ್‌ನಲ್ಲಿ. ಕ್ರಿ.ಪೂ. 478ರಲ್ಲಿ ಚೂ ರಾಜ್ಯ ಇದನ್ನು ನುಂಗಿತು. ರಾಜ್ಯ ಹೋಯಿತು, ಹೆಸರು ಜನರಲ್ಲಿ ಉಳಿಯಿತು. ಭಾಷೆಯ ಆಸಕ್ತರಿಗೆ ರುಚಿಸುವ ಸಂಗತಿ ಅದಕ್ಕೂ ಹಿಂದಿನದು. ಕ್ರಿ.ಪೂ. 672ರಲ್ಲಿ ಇಲ್ಲಿನ ರಾಜಕುಮಾರ ಚೆನ್ ವಾನ್ ಚೀ ರಾಜ್ಯಕ್ಕೆ ಓಡಿಹೋದ. ಅವನ ಪೀಳಿಗೆಯವರು ‘ತ್ಯೆನ್’ ಎನಿಸಿಕೊಂಡರು, ಕ್ರಿ.ಪೂ. 386ರ ಹೊತ್ತಿಗೆ ಚೀ ರಾಜ್ಯದ ಒಡೆಯರೇ ಆದರು. ಚೆನ್ ಮನೆತನ ತ್ಯೆನ್ ಆದದ್ದೇಕೆ? 18ನೇ ಶತಮಾನದ ವಿದ್ವಾಂಸ ಚ್ಯೆನ್ ದಾಶಿನ್ ಇದಕ್ಕೆ ಕೊಟ್ಟ ಉತ್ತರ ಸರಳ: ಹಿಂದೆ ಎರಡರ ಉಚ್ಚಾರವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಹಳೆಯ ಚೀನೀಯಲ್ಲಿ ಈ ವರ್ಗದ ಚಕಾರವೇ ಇರಲಿಲ್ಲ ಎಂಬ ಅವನ ವಾದಕ್ಕೆ ಇದೂ ಒಂದು ಆಧಾರ. ಸಿಂಗಪುರದ ತಾನ್ ಇಂದಿಗೂ ಅವನ ಮಾತಿಗೆ ಸಾಕ್ಷಿ ನುಡಿಯುತ್ತಿದೆ.

ಎಲ್ಲ ಚೆನ್‌ಗಳೂ ಹುವಾಯ್‌ಯಾಂಗ್ ಸಂತತಿ ಎಂದೇನೂ ಅಲ್ಲ. ಉತ್ತರ ವೇಯ್ ಅರಸರು 496ರಲ್ಲಿ ಶಿಯಾನ್‌ಬೇ ಬುಡಕಟ್ಟಿನ ಉದ್ದ ಹೆಸರುಗಳನ್ನು ಚೀನೀ ಮಾದರಿಗೆ ಕತ್ತರಿಸಿದಾಗ ‘ಹೌಮೊಚೆನ್’ ಮನೆತನದವರೂ ಬರೀ ಚೆನ್ ಆದರು. ವಂಶಾವಳಿ ಪುಸ್ತಕಗಳು ಇದನ್ನು ಅಷ್ಟಾಗಿ ಹೇಳುವುದಿಲ್ಲ. ಎಲ್ಲರಿಗೂ ಶುನ್ ರಾಜನೇ ಬೇಕು.

ದಕ್ಷಿಣಕ್ಕೆ ಈ ಹೆಸರು ದಟ್ಟವಾಗಲು ಒಂದು ಕಾರಣ ತಾಂಗ್ ಕಾಲದ ಸೇನಾನಿ ಚೆನ್ ಯುವಾನ್‌ಗುವಾಂಗ್. 686ರಲ್ಲಿ ಫೂಜಿಯಾನಿನ ಜಾಂಗ್‌ಜೌ ಆಡಳಿತ ಪ್ರದೇಶ ಏರ್ಪಟ್ಟದ್ದು ಇವನ ಕೈಯಲ್ಲಿ. ಅಲ್ಲಿನವರಿಗೆ ಇವನು ದೇವರು. ಮುಂದೆ ಆಗ್ನೇಯ ಏಷ್ಯಾಕ್ಕೆ ಹಡಗು ಹತ್ತಿದವರಲ್ಲಿ ಬಹುಪಾಲು ಜನ ಇದೇ ಫೂಜಿಯಾನ್ ಮತ್ತು ನೆರೆಯ ಗುವಾಂಗ್‌ಡಾಂಗ್ ಪ್ರಾಂತ್ಯದವರು. ಇಡೀ ಚೀನಾದಲ್ಲಿ ವಾಂಗ್, ಲೀ, ಜಾಂಗ್, ಲ್ಯೂ ಆದಮೇಲೆ ಐದನೆಯ ಸ್ಥಾನದಲ್ಲಿರುವ ಅಡ್ಡಹೆಸರು ತೈವಾನ್, ಹಾಂಗ್‌ಕಾಂಗ್, ಸಿಂಗಪುರಗಳಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಇದರಿಂದಲೇ. ತೈವಾನಿನಲ್ಲಿ ನೂರಕ್ಕೆ ಸುಮಾರು 11 ಜನರದು ಇದೇ ಹೆಸರು.

ಹೊರದೇಶಗಳಲ್ಲಿ ಕಾಗುಣಿತ ನಿಂತದ್ದು ಆಡುವವನ ನುಡಿ ಮತ್ತು ಬರೆದುಕೊಂಡ ಗುಮಾಸ್ತನ ಕಿವಿ, ಇವೆರಡರಿಂದ. ಸಿಂಗಪುರ, ಪೆನಾಂಗ್, ಮಲಾಕ್ಕಾಗಳಲ್ಲಿ ಹೊಕ್ಕಿಯನ್ನರು ಹೆಚ್ಚು, ಹಾಗಾಗಿ ತಾನ್. ಕ್ವಾಲಾಲಂಪುರದಲ್ಲಿ ಕ್ಯಾಂಟನೀಸರು ಹೆಚ್ಚು, ಹಾಗಾಗಿ ಚಾನ್. ಸಿಂಗಪುರದಲ್ಲಿ 1878ರ ಕುಲದೇಗುಲದ ಹೆಸರು ‘ತಾನ್ ಸಿ’ ಎಂದು ಶುರುವಾಗುತ್ತದೆ, ಕ್ವಾಲಾಲಂಪುರದ ಕುಲಭವನದ್ದು ‘ಚಾನ್ ಸೀ’ ಎಂದು. ಚೀನೀ ಲಿಪಿಯಲ್ಲಿ ಎರಡೂ ಕಡೆ ಅವೇ ಎರಡು ಅಕ್ಷರಗಳು, ಅರ್ಥ ‘ಚೆನ್ ಕುಲ’. ಸರಾವಾಕ್‌ನ ಸಿಬು ಪಟ್ಟಣಕ್ಕೆ 1901ರಿಂದ ಬಂದು ನೆಲೆಸಿದವರು ಫೂಜೌ ಕಡೆಯವರು. ಅವರಲ್ಲಿ ಇದೇ ಅಕ್ಷರ ‘ತಿಂಗ್’. ಥಾಯ್ಲೆಂಡಿನ ಚೀನೀಯರಲ್ಲಿ ತಿಯೊಚ್ಯು ಜನ ಹೆಚ್ಚಾದ್ದರಿಂದ ‘ಸೆ ತಂಗ್’, ಇದರಲ್ಲಿ ‘ಸೆ’ ಎಂದರೆ ಅಡ್ಡಹೆಸರು. ಆದರೆ ಅಲ್ಲಿ ಬಹಳಷ್ಟು ಮನೆಗಳವರು ಇದನ್ನು ಬಿಟ್ಟು ಉದ್ದುದ್ದ ಥಾಯ್ ಹೆಸರು ಇಟ್ಟುಕೊಂಡಿದ್ದಾರೆ.

ಇಂಡೊನೇಷ್ಯಾದಲ್ಲಿ 1966ರ ಕೊನೆಗೆ ಸರ್ಕಾರ ಹೆಸರು ಬದಲಿಸಿಕೊಳ್ಳಿ ಎಂದು ಒತ್ತಾಯ ತಂದಾಗ ಅನೇಕರು ಹಳೆಯ ಹೆಸರನ್ನು ಹೊಸದರ ಹೊಟ್ಟೆಯೊಳಗೆ ಬಚ್ಚಿಟ್ಟರು. ತಾನುವಿಜಯ, ತನೋತೋ, ಹರ್ತಾಂತೊ, ಇಂಥವುಗಳಲ್ಲಿ ‘ತಾನ್’ ಇಣುಕುತ್ತದೆ. ಉದ್ಯಮಿ ಸುಕಾಂತೊ ತನೋತೋ ಹುಟ್ಟಿದಾಗ ತಾನ್ ಕಾಂಗ್ ಹೂ. ಹಾಗೆಂದು ‘ತಾಂತೊ’ ಕಂಡಲ್ಲೆಲ್ಲ ಚೀನೀ ಮೂಲ ಹುಡುಕಬಾರದು. ಸುತಾಂತೊ, ಹರ್ತಾಂತೊ ಎಂಬವು ಜಾವಾದವರ ಸ್ವಂತ ಹೆಸರುಗಳೂ ಹೌದು. ಆರಿಸಿಕೊಂಡದ್ದೇ ಆ ಕಾರಣಕ್ಕೆ.

ಫಿಲಿಪೀನ್ಸಿನದು ಇನ್ನೂ ಸ್ವಾರಸ್ಯ. ಸ್ಪೇನಿನವರ ಕಾಲದಲ್ಲಿ ಹಿರಿಯನೊಬ್ಬನ ಪೂರ್ತಿ ಹೆಸರೇ ಬೆಸೆದುಕೊಂಡು ಮನೆತನದ ಹೆಸರಾಯಿತು: ತಾನ್‌ತೋಕೊ, ತಾನ್‌ಚಾಂಕೊ. ಕೊನೆಯ ‘ಕೊ’ ಹೊಕ್ಕಿಯನ್‌ನಲ್ಲಿ ‘ಅಣ್ಣ’. ನಮ್ಮ ಸಿದ್ದಣ್ಣ, ತಿಮ್ಮಣ್ಣಗಳ ಅಣ್ಣನೇ ಅಲ್ಲಿ ಅಡ್ಡಹೆಸರಿನ ಬಾಲವಾಗಿ ಕೂತಿದ್ದಾನೆ. ಕೆರಿಬಿಯನ್‌ನಲ್ಲಿ ಇದಕ್ಕೆ ಎದುರಾದದ್ದು ನಡೆಯಿತು, ಅಂಟಿಕೊಂಡದ್ದು ಮುಂದೆ. ಸಲಿಗೆಯಿಂದ ಕರೆಯುವಾಗ ಹೆಸರಿನ ಮೊದಲಿಗೆ ‘ಆ’ ಸೇರಿಸುವುದು ದಕ್ಷಿಣ ಚೀನಾದ ರೂಢಿ. ಟ್ರಿನಿಡಾಡಿನಲ್ಲಿ ಹುಟ್ಟಿ 1927ರಲ್ಲಿ ಚೀನಾದ ರಾಷ್ಟ್ರೀಯವಾದಿ ಸರ್ಕಾರದ ವಿದೇಶಾಂಗ ಸಚಿವನಾಗಿದ್ದ ಯೂಜಿನ್ ಚೆನ್ ಅಲ್ಲಿ ‘ಆಚಮ್’ ಎಂದೇ ಪರಿಚಿತ. 1854ರಿಂದ ಚೀನೀಯರು ಬಂದ ಜಮೈಕಾದಲ್ಲಿ ಹಕ್ಕಾ ಜನರೇ ಹೆಚ್ಚು, ಆದ್ದರಿಂದ ಅಲ್ಲಿ ‘ಚಿನ್’.

ವಿಯೆಟ್ನಾಮನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅಲ್ಲಿನ ‘ತ್ರಾನ್’ ಇದೇ ಅಕ್ಷರವಾದರೂ ಆ ಹೆಸರಿನವರಲ್ಲಿ ಹೆಚ್ಚಿನವರು ವಿಯೆಟ್ನಾಮೀಯರೇ, ವಲಸೆ ಬಂದ ಚೀನೀಯರಲ್ಲ. 1225ರಿಂದ 1400ರವರೆಗೆ ಆಳಿದ ರಾಜವಂಶದ ಹೆಸರು ಅದು. ಇಂದು ಅಲ್ಲಿ ಎರಡನೆಯ ಅತಿ ಸಾಮಾನ್ಯ ಅಡ್ಡಹೆಸರು.

ಕನ್ನಡ ಕಾಗುಣಿತಕ್ಕೆ ಬರೋಣ. ಹೊಕ್ಕಿಯನ್ ತಕಾರ ಅಲ್ಪಪ್ರಾಣ, ನಾಲಿಗೆ ಮಡಚದ್ದು. ಆದ್ದರಿಂದ ‘ತಾನ್’ ಸರಿ; ‘ಟ್ಯಾನ್’ ಇಂಗ್ಲಿಷಿನವರ ಬಾಯಿಯದು. ಹುನಾನಿನ ಸಂಗೀತ ಸಂಯೋಜಕ ತಾನ್ ದುನ್ ಅವರದು ಬೇರೆಯೇ ಅಕ್ಷರ, ಬೇರೆಯೇ ಅಡ್ಡಹೆಸರು, ಅದು ಮಹಾಪ್ರಾಣ. ರೋಮನ್ ಲಿಪಿಯಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ, ಕನ್ನಡದಲ್ಲಿ ‘ಥಾನ್’ ಎಂದು ಬರೆದರೆ ವ್ಯತ್ಯಾಸ ಉಳಿಯುತ್ತದೆ. ಹಾಗೆಯೇ ಚೆನ್ ಕೂಡ ನಿಜವಾಗಿ ‘ಛನ್’, ಕ್ಯಾಂಟನೀಸ್ ಚಾನ್‌ನಲ್ಲೂ ದೀರ್ಘವಿಲ್ಲ. ಲಿಪಿಯಲ್ಲಿ ಇರುವ ಸೌಕರ್ಯವನ್ನು ಬಳಸುವುದು ಒಳ್ಳೆಯದು.

ಉತ್ತರ 2: ಮೇಲಿನ ಉತ್ತರದ ಕೊನೆಯ ಪ್ಯಾರಾ ಶಾಸ್ತ್ರಕ್ಕೆ ಸರಿ, ಪತ್ರಿಕೆಗೆ ಒಗ್ಗದು. ‘ಥಾನ್’ ಎಂದರೆ ಓದುಗರು ‘ಥ್ಯಾಂಕ್ಸ್’ನ ಥಕಾರವನ್ನು ತರುತ್ತಾರೆ, ‘ಛನ್’ ಎಂದರೆ ಚಕಾರವನ್ನೇ ಓದುತ್ತಾರೆ. ‘ಜಾಕಿ ಚಾನ್’ ಕನ್ನಡದಲ್ಲಿ ನೆಲೆಯಾಗಿ ಹೋಗಿದೆ, ಅದನ್ನು ಈಗ ಮುಟ್ಟಬಾರದು. (ಅವರ ತಂದೆಯ ಮೂಲ ಅಡ್ಡಹೆಸರು ಫಾಂಗ್ ಎಂಬುದು ಬೇರೆ ಮಾತು, ಚಾನ್ ಆಮೇಲೆ ಹಾಕಿಕೊಂಡದ್ದು.) ಚೀನಾ, ತೈವಾನಿನವರಿಗೆ ಚೆನ್, ಹಾಂಗ್‌ಕಾಂಗಿನವರಿಗೆ ಚಾನ್, ಸಿಂಗಪುರ ಮಲೇಷ್ಯಾದವರಿಗೆ ಅವರವರು ಬರೆದುಕೊಳ್ಳುವಂತೆ. ದಿನಬಳಕೆಗೆ ಇಷ್ಟು ಸಾಕು.

ಹೆಚ್ಚು ತಪ್ಪಾಗುವುದು ಕಾಗುಣಿತದಲ್ಲಿ ಅಲ್ಲ, ಅಡ್ಡಹೆಸರು ಯಾವ ಜಾಗದಲ್ಲಿದೆ ಎಂಬುದರಲ್ಲಿ. ಚೀನೀ ಹೆಸರಿನಲ್ಲಿ ಅದು ಮೊದಲು. 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ನಮ್ಮ ಪ್ರಕಾಶ್ ಪಡುಕೋಣೆ ಸೋಲಿಸಿದ್ದು ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು. ಇದರಲ್ಲಿ ಮನೆತನದ ಹೆಸರು ಲಿಯೆಮ್, ಅಂದರೆ ಸಿಂಗಪುರದ ‘ಲಿಮ್’ ಡಚ್ ಕಾಗುಣಿತದಲ್ಲಿ, ‘ಕಿಂಗ್’ ಅಲ್ಲ. ತೈವಾನಿನ ಚೌ ತಿಯೆನ್‌ಚೆನ್ ಅವರ ಹೆಸರಿನ ಕೊನೆಗೆ ‘ಚೆನ್’ ಇದ್ದರೂ ಅದು ಅಂಕಿತನಾಮದ ತುಂಡು, ಅಡ್ಡಹೆಸರು ಚೌ. ಅಡ್ಡಹೆಸರು ನಡುವೆ ಬರುವುದೂ ಉಂಟು: ಸಿಂಗಪುರದ ಅಧ್ಯಕ್ಷರಾಗಿದ್ದ ಟೋನಿ ತಾನ್ ಕೆಂಗ್ ಯಾಮ್. ಮೊದಲು ಇಂಗ್ಲಿಷ್ ಹೆಸರು, ಆಮೇಲೆ ಅಡ್ಡಹೆಸರು, ಆಮೇಲೆ ಚೀನೀ ಅಂಕಿತ. ಎರಡನೆಯ ಸಲ ಹೆಸರಿಸುವಾಗ ‘ಯಾಮ್’ ಎಂದರೆ ಅಭಾಸ.

ಇನ್ನು ತೋರಿಕೆಗೆ ಇದೇ ಇದ್ದು ಇದಲ್ಲದವು. 2016ರ ರಿಯೊ ಒಲಿಂಪಿಕ್ಸ್ ಚಿನ್ನ ಗೆದ್ದ ಚೆನ್ ಲಾಂಗ್ ಮತ್ತು ಟೋಕಿಯೊ ಒಲಿಂಪಿಕ್ಸ್ ಚಿನ್ನ ಗೆದ್ದ ಚೆನ್ ಯೂಫೇ ಒಂದೇ ಅಡ್ಡಹೆಸರಿನವರಲ್ಲ. ಚೆನ್ ಲಾಂಗ್ ಅವರದು ಉಚ್ಚಾರದಲ್ಲಿ ಮಾತ್ರ ಅದೇ ಆದ ಬೇರೊಂದು ವಿರಳ ಅಕ್ಷರ. ‘ತಿಂಗ್’, ‘ಚಿನ್’, ‘ತಂಗ್’ಗಳ ಹಿಂದೆಯೂ ಬೇರೆ ಬೇರೆ ಅಕ್ಷರಗಳಿವೆ. ಮಲೇಷ್ಯಾದ ಸುದ್ದಿಗಳಲ್ಲಿ ಬರುವ ‘ತಾನ್ ಶ್ರೀ’ ಅಡ್ಡಹೆಸರೇ ಅಲ್ಲ, ಅರಸರು ಕೊಡುವ ಬಿರುದು. ಅದರ ಶ್ರೀ ನಮ್ಮ ಶ್ರೀಯೇ. ಇಂಡೊನೇಷ್ಯಾದ ಕ್ರಾಂತಿಕಾರಿ ತಾನ್ ಮಲಾಕಾ ಸುಮಾತ್ರಾದ ಮಿನಾಂಗ್‌ಕಬಾವ್ ಜನಾಂಗದವರು. ಅಲ್ಲಿ ‘ತಾನ್’ ಎಂದರೆ ‘ಸುತಾನ್’ ಎಂಬ ಪದವಿಯ ತುಂಡು.

ಇಷ್ಟು ಗೊಂದಲದ ನಡುವೆ ಚೀನೀಯರೇ ಹೇಗೆ ಬಿಡಿಸಿಕೊಳ್ಳುತ್ತಾರೆ ಎಂದರೆ, ಅಕ್ಷರವನ್ನು ಒಡೆದು ಹೇಳುತ್ತಾರೆ. ಈ ಅಕ್ಷರದ ಎಡಭಾಗ ಕಿವಿಯ ಆಕಾರ, ಬಲಭಾಗ ‘ಪೂರ್ವ’ ಎಂಬ ಪದ. ಅದಕ್ಕೇ ‘ಕಿವಿ-ಪೂರ್ವದ ಚೆನ್’ ಎಂದು ಪರಿಚಯಿಸಿಕೊಳ್ಳುವುದು. ‘ಕಿವಿ’ ಬರೀ ಗುರುತಿಗೆ, ನಿಜವಾಗಿ ಆ ಭಾಗ ದಿಬ್ಬವನ್ನು ಸೂಚಿಸುವ ಅಕ್ಷರದ ಕುಗ್ಗಿದ ರೂಪ. ನಿಮಗೆ ಖಚಿತ ಬೇಕಾದರೆ ದೇಶ ನೋಡಿ, ಮನೆಮಾತು ನೋಡಿ, ಕೊನೆಗೆ ಚೀನೀ ಲಿಪಿಯ ಹೆಸರು ಸಿಕ್ಕರೆ ಈ ಎರಡು ಭಾಗಗಳಿವೆಯೇ ಎಂದು ನೋಡಿ. ರೋಮನ್ ಕಾಗುಣಿತ ಒಂದನ್ನೇ ನೆಚ್ಚಿ ಬಂಧುತ್ವ ಹೇಳಬೇಡಿ.

ಇನ್ನೊಂದು ತೊಡಕು ಕನ್ನಡದ್ದೇ. ‘ತಾನ್’ ಹಳಗನ್ನಡದ ಸರ್ವನಾಮ, ಇಂದಿನ ‘ತಾನು’. ವಿಭಕ್ತಿ ಹಚ್ಚಿದ ಕೂಡಲೇ ಎರಡೂ ಕಲೆಯುತ್ತವೆ. ‘ತಾನೇ ಗೆದ್ದ’ ಎಂದರೆ ಗೆದ್ದವನು ಮಲೇಷ್ಯಾದವನೋ, ಆಗಲೇ ಮಾತಿನಲ್ಲಿದ್ದವನೋ? ‘ತಾನ್ಗೆ’ ಎಂದು ಒತ್ತಕ್ಷರ ಮಾಡಿದರೆ ಓದಲು ಬಾರದು. ‘ತಾನ್ ಅವರೇ ಗೆದ್ದರು’, ‘ತಾನ್ ಅವರಿಗೆ’ ಎಂದು ಬಿಡಿಸಿ ಬರೆಯಿರಿ. ತಲೆಬರಹದಲ್ಲಿ ಜಾಗವಿಲ್ಲದಿದ್ದರೆ ‘ಬೂನ್ ಹಿಯಾಂಗ್’ ಎಂದು ಅಂಕಿತವನ್ನೇ ಹಾಕಿ.