ಮರ ಸವರುವ ಕೆಲಸಕ್ಕೆ ಮೊದಲು ಹಗ್ಗವಾ, ಲಿಫ್ಟ್ ಗಾಡಿಯಾ?

ಕುವೆಂಪುನಗರ ಹುಡುಗ:
ನಮಸ್ಕಾರ. ಮೈಸೂರಿನಲ್ಲಿ ಕೊಂಬೆ ಸವರುವ, ಒಣಗಿದ ಮರ ಇಳಿಸುವ ಕೆಲಸ ಮಾಡುತ್ತೇನೆ. ಇಷ್ಟು ದಿನ ಬೇರೆಯವರ ಕೈಕೆಳಗೆ ಇದ್ದೆ, ಈಗ ಸ್ವಂತ ಶುರು ಮಾಡಬೇಕು. ದುಡ್ಡು ಒಂದಕ್ಕೆ ಸಾಕು, ಎರಡಕ್ಕಿಲ್ಲ. ಹತ್ತುವ ಹಗ್ಗ, ಮೈಗೆ ಕಟ್ಟುವ ಹಾರ್ನೆಸ್ ಪಟ್ಟಿ, ಹೆಲ್ಮೆಟ್, ಮೇಲೆ ಹಿಡಿಕೆ ಇರುವ ಚಿಕ್ಕ ಚೈನ್‌ಸಾ ಎಲ್ಲ ಒಳ್ಳೆಯದೇ ತೆಗೆದುಕೊಳ್ಳಲಾ? ಇಲ್ಲ, ನಮ್ಮ ಭಾವ ಹೇಳುವ ಹಾಗೆ ಮನುಷ್ಯನನ್ನು ತೊಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ಹಳೆಯ ಬಕೆಟ್ ಲಿಫ್ಟ್ ಗಾಡಿಯಲ್ಲಿ ಪಾಲು ಹಾಕಲಾ? ಕೆಲಸ ಮಾಡುವವರು ಹೇಳಿ.

ಹಿನಕಲ್ ಗ್ಯಾರೇಜ್:
ಯೋಚನೆಯೇ ಬೇಡ, ಗಾಡಿ. ಏಪ್ರಿಲ್, ಮೇ ಗಾಳಿ ಮಳೆಗೆ ಊರೆಲ್ಲ ಕೊಂಬೆ ಬಿದ್ದಾಗ ಜನ ಯಾರಿಗೆ ಫೋನ್ ಮಾಡುತ್ತಾರೆ? ಗಾಡಿ ಇರುವವನಿಗೆ. ನೀನು ಹಗ್ಗ ಎಸೆದು, ಗಂಟು ಹಾಕಿ, ಮೇಲೆ ಹೋಗುವಷ್ಟರಲ್ಲಿ ಲಿಫ್ಟಿನವನು ಮೂರು ಮರ ಮುಗಿಸಿ ಟೀ ಕುಡಿಯುತ್ತಿರುತ್ತಾನೆ. ಮರ ಬೇಡ ಅಂದ ದಿನ ಬೀದಿ ದೀಪ, ಫ್ಲೆಕ್ಸ್ ಕೆಲಸಕ್ಕೂ ಓಡುತ್ತದೆ.

ಕುಂತಿಬೆಟ್ಟ ಕ್ಲೈಂಬರ್:
'ಮೂರು ಮರ' ಅಂತೆ! ರಸ್ತೆ ಪಕ್ಕದ ಮರವಾದರೆ ಸರಿ. ಅಗ್ರಹಾರದ ಓಣಿಯಲ್ಲಿ, ಮನೆ ಹಿಂದಿನ ಹಿತ್ತಲಲ್ಲಿ ಇರುವ ಮರಕ್ಕೆ ಲಿಫ್ಟ್ ಹೇಗೆ ಹೋಗುತ್ತದೆ? ಕಾಂಪೌಂಡ್ ಹಾರುತ್ತದಾ? ಮಳೆಮರದ ಕೊಂಬೆ ಮೇಲಕ್ಕಿಂತ ಅಡ್ಡಕ್ಕೇ ಜಾಸ್ತಿ ಹೋಗುತ್ತದೆ. ಗಾಡಿ ಬುಡದಲ್ಲಿ ನಿಲ್ಲುತ್ತದೆ, ಕೆಲಸ ಪಕ್ಕದ ಮನೆ ಹೆಂಚಿನ ಮೇಲೆ ಇರುತ್ತದೆ. ಅಲ್ಲಿಗೆ ಹಗ್ಗದಲ್ಲೇ ಹೋಗಬೇಕು.

ಹುಡುಗನಿಗೆ ಒಂದು ಮಾತು. ಮೊದಲು ಎರಡು ಎಳೆ ಹಗ್ಗದಲ್ಲಿ ಕಲಿ. ಹಗ್ಗ ಕೊಂಬೆ ಬಳಸಿ ಬರುತ್ತದೆ, ಎಳೆ ಎಳೆದ ಹಾಗೆ ನೀನು ಮೇಲೆ ಹೋಗುತ್ತೀಯ. ಒಂಟಿ ಎಳೆಯಲ್ಲಿ ಹಗ್ಗ ನಿಂತಲ್ಲೇ ಇರುತ್ತದೆ, ನೀನು ಅದರ ಮೇಲೆ ಹತ್ತುತ್ತೀಯ, ಎತ್ತರದ ಮರಕ್ಕೆ ಸುಸ್ತು ಕಡಿಮೆ. ಆದರೆ ಹಗ್ಗದ ತುದಿಯನ್ನು ಮರದ ಬುಡಕ್ಕೆ ಕಟ್ಟಿದರೆ ಮೇಲಿನ ಕೊಂಬೆಯ ಮೇಲೆ ನಿನ್ನ ತೂಕದ ಹತ್ತಿರ ಹತ್ತಿರ ಎರಡರಷ್ಟು ಬೀಳುತ್ತದೆ. ಇದು ತಿಳಿಯದೆ ಗುಲ್‌ಮೊಹರ್ ಹತ್ತಬೇಡ. ಅದರ ಕೊಂಬೆ ಹೇಳದೆ ಕೇಳದೆ ಮುರಿಯುತ್ತದೆ.

ಮದ್ದೂರು ಎಳನೀರು:
'ಹಗ್ಗದಲ್ಲೇ ಹೋಗಬೇಕು' ಅಂದಿರಲ್ಲ, ಅದು ಸರಿ. ಅದಕ್ಕೆ ಹೊರದೇಶದ ಹಗ್ಗ ಯಾಕೆ ಸ್ವಾಮಿ? ಸಂತೆಯಲ್ಲಿ ಸಿಗುವ 12 ಮಿ.ಮೀ. ನೀಲಿ ಹಗ್ಗ ಸಾಕು. ಕೆಸರಲ್ಲಿ ಹೂತ ಟ್ರಾಕ್ಟರನ್ನು ನಾವು ಅದರಲ್ಲೇ ಎಳೆಯುತ್ತೇವೆ. ಟ್ರಾಕ್ಟರ್ ಎಳೆಯುವ ಹಗ್ಗ ಒಬ್ಬ ಮನುಷ್ಯನನ್ನು ಹೊರಲ್ವಾ?

ಕುಂತಿಬೆಟ್ಟ ಕ್ಲೈಂಬರ್:
ಅಣ್ಣ, ದಯವಿಟ್ಟು ಆ ಹುಡುಗನಿಗೆ ಇದನ್ನು ಹೇಳಿಕೊಡಬೇಡಿ. ನೀಲಿ ಹಗ್ಗ ಪಾಲಿಪ್ರೊಪಿಲೀನ್. ಸುಮಾರು 165 ಡಿಗ್ರಿಗೆ ಕರಗುತ್ತದೆ. ಪಾಲಿಯೆಸ್ಟರ್ ಕರಗಲು 250 ಡಿಗ್ರಿ ದಾಟಬೇಕು. ಭಾರ ಬಿದ್ದಾಗ ಹಗ್ಗವನ್ನು ಬಿಗಿಹಿಡಿಯುವ ಪ್ರುಸಿಕ್ ಗಂಟನ್ನು ಹಗ್ಗದ ಮೇಲೆ ಜಾರಿಸಿಕೊಂಡು ಬೇಗ ಇಳಿದರೆ ಉಜ್ಜುವ ಕಡೆ ಬಿಸಿ ಏರುತ್ತದೆ. ಟ್ರಾಕ್ಟರ್ ಎಳೆಯುವಾಗ ಹಗ್ಗ ಯಾವುದಕ್ಕೂ ಉಜ್ಜುವುದಿಲ್ಲ, ಅಲ್ವಾ?

ಮದ್ದೂರು ಎಳನೀರು:
ಕರಗುವ ಮಾತು ಬಂತು. ಹಾಗಾದರೆ ತೆಂಗಿನ ನಾರಿನ ಹಗ್ಗ ಕರಗುವುದೇ ಇಲ್ಲ. ನಮ್ಮ ಅಜ್ಜಂದಿರು ಅದನ್ನೇ ಕಾಲಿಗೆ ಬಳೆ ಮಾಡಿಕೊಂಡು ಹತ್ತಿದರು. ಅವರಿಗಿಂತ ನಿಮ್ಮ ಪಾಲಿಯೆಸ್ಟರ್ ದೊಡ್ಡದಾ?

ಹಿನಕಲ್ ಗ್ಯಾರೇಜ್:
ಇದನ್ನೆಲ್ಲ ನೋಡಿದರೆ ಗಾಡಿಯೇ ವಾಸಿ ಅಂತ ಅನಿಸಲ್ವಾ? ಗಾಡಿ ಕರಗುವುದಿಲ್ಲ.

ಸರಸ್ವತಿಪುರಂ ಮೇಷ್ಟ್ರು:
ಕ್ಷಮಿಸಿ, ಯಾರೂ ಮರದ ಬಗ್ಗೆ ಮಾತಾಡುತ್ತಿಲ್ಲ. ಕೊಂಬೆ ಕಾಂಡಕ್ಕೆ ಸೇರುವ ಜಾಗದಲ್ಲಿ ಉಬ್ಬಿದ ಒಂದು ಬಳೆ ಇರುತ್ತದೆ. ಅದನ್ನು ಉಳಿಸಿ ಹೊರಗಡೆ ಕತ್ತರಿಸಬೇಕು. ಮೊದಲು ಕೆಳಗಿನಿಂದ ಸ್ವಲ್ಪ ಕಚ್ಚು, ಆಮೇಲೆ ಮೇಲಿನಿಂದ, ಕೊನೆಗೆ ಉಳಿದ ಮೋಟು. ಇಲ್ಲದಿದ್ದರೆ ತೊಗಟೆ ಕಾಂಡದವರೆಗೂ ಸೀಳಿಕೊಂಡು ಬರುತ್ತದೆ. ಅಮೆರಿಕದ ಅರಣ್ಯ ಸೇವೆಯ ಅಲೆಕ್ಸ್ ಶೈಗೊ 1977ರಲ್ಲಿ ಬರೆದ ಹಾಗೆ, ಮರ ತನ್ನ ಗಾಯಕ್ಕೆ ಒಳಗಿಂದಲೇ ಗೋಡೆ ಕಟ್ಟಿಕೊಳ್ಳುತ್ತದೆ. ಮೇಲೆ ಪೇಂಟ್ ಬಳಿದು ಉಪಯೋಗವಿಲ್ಲ. ಮುಳ್ಳಿನ ಬೂಟು ಹಾಕಿ ಬದುಕಿರುವ ಮರ ಹತ್ತುವುದಂತೂ ಬೇಡವೇ ಬೇಡ. ಹೆಜ್ಜೆಗೊಂದು ಗಾಯ.

ಇನ್ನೊಂದು. ಕರ್ನಾಟಕದ ಮರ ಸಂರಕ್ಷಣಾ ಕಾಯ್ದೆ 1976ರದ್ದು. ಮರ ಕಡಿಯುವ ಮುಂಚೆ ಮರ ಅಧಿಕಾರಿಯ ಅನುಮತಿ ಕಾಗದ ನೋಡಿ.

ಮದ್ದೂರು ಎಳನೀರು:
ತೆಂಗಿಗೆ ಅನುಮತಿ ಬೇಕಿಲ್ಲ ಮೇಷ್ಟ್ರೇ, ವಿನಾಯಿತಿ ಇದೆ. ಕಾಯ್ದೆ ನಾವೂ ಓದಿದ್ದೇವೆ.

ಸರಸ್ವತಿಪುರಂ ಮೇಷ್ಟ್ರು:
ನಾನು ತೆಂಗಿನ ಬಗ್ಗೆ ಹೇಳಲೇ ಇಲ್ಲ.

ಮದ್ದೂರು ಎಳನೀರು:
ಮತ್ತೆ ಹಗ್ಗಕ್ಕೆ ಬರೋಣ. ಕ್ಲೈಂಬರ್ ಅವರೇ, ನಿಮ್ಮ ಲೆಕ್ಕವನ್ನೇ ಹಿಡಿಯೋಣ. ಹತ್ತುವ ಹಗ್ಗದ ಯುರೋಪಿನ ಮಾನಕ ಇಎನ್ 1891, ಎ ದರ್ಜೆ ಅಂದರೆ 22 ಕಿಲೋನ್ಯೂಟನ್, ಅಲ್ವಾ? ಅಂದರೆ ಎರಡು ಟನ್ ಮೇಲೆ ಸ್ವಲ್ಪ. ಒಳ್ಳೆ 12 ಮಿ.ಮೀ. ನೀಲಿ ಹಗ್ಗ ಸುಮಾರು ಎರಡು ಟನ್ ತಡೆಯುತ್ತದೆ. ವ್ಯತ್ಯಾಸ ಎಲ್ಲಿದೆ? ಇದು ನೀರು ಕುಡಿಯುವುದಿಲ್ಲ. ನಿಮ್ಮ ನೈಲಾನ್ ಒದ್ದೆಯಾದರೆ ಶಕ್ತಿ ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಯಾವುದು ವಾಸಿ, ಹೇಳಿ.

ಕುಂತಿಬೆಟ್ಟ ಕ್ಲೈಂಬರ್:
ಎಳೆತದ ಶಕ್ತಿ ಹತ್ತಿರ ಹತ್ತಿರ ಇದೆ, ಸರಿ. ನಾನು ಅದರ ಬಗ್ಗೆ ಮಾತಾಡಲೇ ಇಲ್ಲ. ಉಜ್ಜುವ ಬಿಸಿಯ ಬಗ್ಗೆ ಹೇಳಿದೆ, ನೀವು ಟನ್ ಲೆಕ್ಕಕ್ಕೆ ಹೋದಿರಿ. ಜೊತೆಗೆ ಬಿಸಿಲು. ಮಂಡ್ಯದ ಬಿಸಿಲಲ್ಲಿ ಟ್ರಾಲಿ ಮೇಲೆ ಬಿದ್ದಿರುವ ನೀಲಿ ಹಗ್ಗವನ್ನು ಮುಟ್ಟಿ ನೋಡಿ, ಎಳೆ ಪುಡಿ ಪುಡಿಯಾಗಿ ಕೈಗೆ ಅಂಟುತ್ತದೆ. ಅಂಗಡಿಯಲ್ಲಿ ತೂಗಿದ ಎರಡು ಟನ್ ಅಲ್ಲಿ ಇರುತ್ತದಾ? ಗಂಟು ಹಾಕಿದರೆ ಮತ್ತೂ ಇಳಿಯುತ್ತದೆ. ನೈಲಾನ್ ಬಗ್ಗೆಯೂ ಹೇಳಿಬಿಡುತ್ತೇನೆ. ಮರ ಹತ್ತುವ ಹಗ್ಗದ ಹೊರಪದರ ಸಾಮಾನ್ಯವಾಗಿ ಪಾಲಿಯೆಸ್ಟರ್.

ಮದ್ದೂರು ಎಳನೀರು:
'ಶಕ್ತಿ ಹತ್ತಿರ ಹತ್ತಿರ ಇದೆ, ಸರಿ.' ಒಪ್ಪಿದರು! ಎಲ್ಲರೂ ಓದಿಕೊಳ್ಳಿ.

ಕುಂತಿಬೆಟ್ಟ ಕ್ಲೈಂಬರ್:
ಅಯ್ಯೋ ದೇವರೇ.

ರಿಂಗ್ ರೋಡ್ ಪಿಕಪ್:
ನಾನು ಮರದ ತುಂಡು ಸಾಗಿಸುವವನು. ಹಗ್ಗ ಆಮೇಲೆ ಜಗಳ ಆಡಿ. ಹುಡುಗ, ಕೆಳಗಿಳಿಸಿದ್ದನ್ನು ಸಾಗಿಸಲು ಏನಿದೆ? 60 ಸೆಂ.ಮೀ. ದಪ್ಪ, ಒಂದು ಮೀಟರ್ ಉದ್ದದ ಹಸಿ ತುಂಡು ಕಾಲು ಟನ್ ತೂಗುತ್ತದೆ. ಟಾಟಾ ಏಸ್ ಹೊರುವುದು ಮುಕ್ಕಾಲು ಟನ್ ಆಸುಪಾಸು. ಮೂರು ತುಂಡಿಗೆ ಗಾಡಿ ತುಂಬಿತು. ಜನ ಐದು ಹಾಕಿ ಗಾಡಿಯ ಲೀಫ್ ಸ್ಪ್ರಿಂಗ್ ಮುರಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಪಿಕಪ್ ಬಾಡಿಗೆಗೆ ಹಿಡಿ, ಸೊಪ್ಪಿಗೆ ಟ್ರಾಕ್ಟರ್ ಟ್ರಾಲಿ ಸಾಕು.

ಹಿನಕಲ್ ಗ್ಯಾರೇಜ್:
'ಬಾಡಿಗೆಗೆ ಹಿಡಿ.' ನೋಡಿ, ಲಿಫ್ಟ್ ಗಾಡಿ ಸ್ವಂತ ಇದ್ದರೆ ಬಾಡಿಗೆ ನಮಗೇ ಬರುತ್ತದೆ.

ರಿಂಗ್ ರೋಡ್ ಪಿಕಪ್:
ಲಿಫ್ಟ್‌ನಲ್ಲಿ ಮರದ ತುಂಡು ಸಾಗಿಸುತ್ತೀರಾ ಸಾರ್? ಏನು ಹೇಳಿದೆ, ಏನು ಕೇಳಿದಿರಿ!

ಹಿನಕಲ್ ಗ್ಯಾರೇಜ್:
ಗಾಡಿ ಇಲ್ಲದವರು ಕೊನೆಗೆ ಏನು ಮಾಡುತ್ತಾರೆ ಅಂತ ಗೊತ್ತು. ಜೆಸಿಬಿ ಬಕೆಟ್‌ನಲ್ಲಿ ಮನುಷ್ಯನನ್ನು ನಿಲ್ಲಿಸಿ ಎತ್ತುತ್ತಾರೆ. ಮೊನ್ನೆ ಒಬ್ಬ ಗುತ್ತಿಗೆದಾರ ನನ್ನ ಕಣ್ಣ ಮುಂದೆಯೇ ಎತ್ತಿಸಿದ. ಕೇಳಿದರೆ 'ಐದು ನಿಮಿಷದ ಕೆಲಸ' ಅಂದ. ಆ ಬಕೆಟ್ ಮಣ್ಣಿಗೆ ಮಾಡಿದ್ದು. ಲಿವರ್ ಸ್ವಲ್ಪ ಅಲುಗಿದರೆ ಮನುಷ್ಯ ಕೆಳಗೆ.

ಮದ್ದೂರು ಎಳನೀರು:
ಜೆಸಿಬಿಯೂ ಬೇಡ, ಲಿಫ್ಟೂ ಬೇಡ. ಕೇರಳದ ಚೆಂಬೇರಿ ಜೋಸೆಫ್ ಮಾಡಿದ ತೆಂಗು ಹತ್ತುವ ಯಂತ್ರ ಇದೆ. ನಿಂತುಕೊಂಡೇ ಹತ್ತಬಹುದು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ 'ತೆಂಗಿನ ಮರದ ಸ್ನೇಹಿತರು' ಅಂತ ತರಬೇತಿ ಶುರು ಮಾಡಿದಾಗ ಕೈಗೆ ಕೊಟ್ಟಿದ್ದೂ ಯಂತ್ರವನ್ನೇ. ಆ ಮಂಡಳಿಯ ಒಂದು ಫಾರ್ಮ್ ನಮ್ಮ ಮಂಡ್ಯದಲ್ಲೇ ಇದೆ. ಮೈಸೂರಿನವರಿಗೆ ಗೊತ್ತಿರಲ್ಲ ಬಿಡಿ.

ಕುಂತಿಬೆಟ್ಟ ಕ್ಲೈಂಬರ್:
ಆ ಯಂತ್ರ ಕೊಂಬೆ ಇಲ್ಲದ, ನೆಟ್ಟಗಿನ ಕಾಂಡಕ್ಕೆ. ಮಳೆಮರದಲ್ಲಿ ಮೊದಲ ಕವಲಿಗೇ ನಿಂತುಬಿಡುತ್ತದೆ. ಪ್ರಶ್ನೆ ಕೇಳಿದ್ದು ಕೊಂಬೆ ಸವರುವವನು. ಅಂದ ಹಾಗೆ ನಾನೂ ಮಂಡ್ಯ ಜಿಲ್ಲೆಯವನೇ, ಕುಂತಿಬೆಟ್ಟ ಪಾಂಡವಪುರದಲ್ಲಿದೆ.

ಮದ್ದೂರು ಎಳನೀರು:
ನೀವು ಬಂಡೆ ಹತ್ತುವವರು. ಮರ ಹತ್ತಿದ್ದೀರಾ, ಇಲ್ಲವಾ? ಮೊದಲು ಅದು ಹೇಳಿ. ನಿಮ್ಮ ಬಂಡೆ ಹಗ್ಗ ರಬ್ಬರ್ ತರ ಹಿಗ್ಗುತ್ತದೆ.

ಕುಂತಿಬೆಟ್ಟ ಕ್ಲೈಂಬರ್:
ಹಿಗ್ಗುತ್ತದೆ. ಬೀಳುವಾಗ ಏಟು ತಡೆಯಲಿ ಅಂತ ಹಾಗೆ ಮಾಡಿರುತ್ತಾರೆ. 80 ಕಿಲೋ ತೂಗು ಹಾಕಿದರೆ ನೂರಕ್ಕೆ 10ರವರೆಗೂ ಹಿಗ್ಗಬಹುದು. ಮರಕ್ಕೆ ಅದು ಬೇಡ, ಕಡಿಮೆ ಹಿಗ್ಗುವುದು ಬೇಕು. ಅದಕ್ಕೇ ಬೇರೆ ಹಗ್ಗ ಇಟ್ಟಿದ್ದೇನೆ. ನಿಮ್ಮ ನೀಲಿ ಹಗ್ಗ ಎರಡಕ್ಕೂ ಆಗಲ್ಲ. ಇಷ್ಟು ಸರಳ ವಿಷಯ ತಲೆಗೆ ಹೋಗದಿದ್ದರೆ ನಾನೇನು ಮಾಡಲಿ?

ಮದ್ದೂರು ಎಳನೀರು:
ತಲೆ ಗಿಲೆ ಅಂದರೆ ಸರಿ ಇರಲ್ಲ. ಮದ್ದೂರಿಗೆ ಬನ್ನಿ, ನನ್ನ ಹಗ್ಗ ಕರಗಿಸಿ ತೋರಿಸಿ.

ಚೆಸ್ಕಾಂ ಲೈನ್ ಕೆಳಗೆ:
ಹಗ್ಗ ಹಗ್ಗ ಅಂತ ಸಾಯುತ್ತೀರಿ. ಮೇಲೆ ಚೈನ್‌ಸಾ ಹಿಡಿದವನ ಸೊಂಟದಿಂದ ಮರಕ್ಕೆ ಬಳಸಿ ಕಟ್ಟುವ ಎರಡನೇ ಪಟ್ಟಿ ಇದೆಯಾ? ಕತ್ತರಿಸುವಾಗ ಒಂದಲ್ಲ, ಎರಡು ಕಡೆ ಕಟ್ಟಿಕೊಂಡಿರಬೇಕು. ಚೈನ್ ಯಾವ ಹಗ್ಗವನ್ನಾದರೂ ಕ್ಷಣದಲ್ಲಿ ಕಚ್ಚಿ ಹಾಕುತ್ತದೆ. ಒಳಗೆ ಸ್ಟೀಲ್ ತಂತಿ ಇರುವ ಪಟ್ಟಿ ಸಿಗುತ್ತದೆ, ಸ್ವಲ್ಪವಾದರೂ ತಡೆಯುತ್ತದೆ.

ಕುಂತಿಬೆಟ್ಟ ಕ್ಲೈಂಬರ್:
ಹೆಸರು ಚೆಸ್ಕಾಂ ಲೈನ್, ಕಟ್ಟಿಕೊಳ್ಳುವುದು ಸ್ಟೀಲ್ ತಂತಿ? ಕರೆಂಟ್ ಹೊಡೆದರೆ?

ಚೆಸ್ಕಾಂ ಲೈನ್ ಕೆಳಗೆ:
ಲೈನ್ ಆಫ್ ಮಾಡಿಸದೆ ಹತ್ತಲೇಬಾರದು, ಪಟ್ಟಿ ಯಾವುದಾದರೂ. ಒದ್ದೆ ಕೊಂಬೆಯೇ ಕರೆಂಟ್ ತರುತ್ತದೆ. ಇದನ್ನೂ ಬಿಡಿಸಿ ಹೇಳಬೇಕಾ?

ಕುವೆಂಪುನಗರ ಹುಡುಗ:
ಎಲ್ಲರಿಗೂ ಧನ್ಯವಾದ. ಗಾಡಿ ಪಾಲು ಸದ್ಯ ಬೇಡ ಅಂದುಕೊಂಡಿದ್ದೇನೆ, ಬೇಕಾದಾಗ ಬಾಡಿಗೆ. ಒಬ್ಬರು ಹಳೆಯ ಹಾರ್ನೆಸ್ ಅರ್ಧ ಬೆಲೆಗೆ ಕೊಡುತ್ತಾರಂತೆ. ಬೆನ್ನ ಹಿಂದೆ ಕೊಕ್ಕೆ ಇರುವ, ಐಎಸ್ 3521 ಅಂತ ಭಾರತೀಯ ಮಾನಕದ ನಂಬರ್ ಬರೆದಿರುವ ಬಿಲ್ಡಿಂಗ್ ಕೆಲಸದ್ದು. ತೆಗೆದುಕೊಳ್ಳಲಾ?

ಹಿನಕಲ್ ಗ್ಯಾರೇಜ್:
ಪಾಲು ಬೇಡ ಅಂದೆಯಾ? ಮುಂದಿನ ಮಳೆಗಾಲದಲ್ಲಿ ಇದೇ ಪ್ರಶ್ನೆ ಮತ್ತೆ ಕೇಳುತ್ತೀಯ, ನೋಡುತ್ತಿರು.

ಚೆಸ್ಕಾಂ ಲೈನ್ ಕೆಳಗೆ:
ಬೇಡ. ಆ ಬೆನ್ನಿನ ಕೊಕ್ಕೆ ಬಿದ್ದಾಗ ಹಿಡಿಯಲು ಇರುವುದು, ಅದರಲ್ಲಿ ನೇತಾಡಿ ಕೆಲಸ ಮಾಡಲು ಆಗಲ್ಲ. ನಿನಗೆ ಬೇಕಾದದ್ದು ಕೂರುವ ಹಾರ್ನೆಸ್, ತೊಡೆಗೆ ಅಗಲ ಪಟ್ಟಿ, ಮುಂದೆ ಕೊಂಡಿ. ಬಿಲ್ಡಿಂಗಿನ ಹಳೆಯ ಪಟ್ಟಿಗೆ ಸಿಮೆಂಟು, ಬಿಸಿಲು, ಏನೇನು ತಗುಲಿದೆಯೋ ಯಾರಿಗೆ ಗೊತ್ತು? ಪಟ್ಟಿ, ಹಗ್ಗ ಎರಡೂ ಹೊಸದೇ ತಗೋ.

ಮದ್ದೂರು ಎಳನೀರು:
ಹೊಸದು, ನೀಲಿ ಬಣ್ಣದ್ದು ಅಂತ ಸೇರಿಸಿ.